ಹಂಪಿ, ಬಾದಾಮಿ, ಪಟ್ಟದಕಲ್ಲು, ಐಹೊಳೆ, ವಿಜಯಪುರ: ಸ್ವಂತ ವಾಹನವಿಲ್ಲದೆ ಸುತ್ತುವವರಿಗೆ ಸಮಗ್ರ ಮಾರ್ಗದರ್ಶಿ

ಮೊಬೈಲ್ ತೆಗೆದು ಹೊಸಪೇಟೆಯಿಂದ ಐಹೊಳೆಗೆ ಬಸ್ ಹುಡುಕಿದರೆ ಏನೂ ಸಿಗುವುದಿಲ್ಲ. ಬಾದಾಮಿಯಿಂದ ಪಟ್ಟದಕಲ್ಲಿಗೆ ಹುಡುಕಿದರೂ ಅಷ್ಟೆ. ಇದನ್ನು ನೋಡಿ ಬಹಳ ಜನ ಸಾರಿಗೆಯೇ ಇಲ್ಲವೆಂದುಕೊಂಡು ಮೂರು ದಿನಕ್ಕೆ ಕಾರು ಗೊತ್ತುಮಾಡುತ್ತಾರೆ, ಇಲ್ಲವೇ ಹಂಪಿ ನೋಡಿ ಊರಿಗೆ ತಿರುಗುತ್ತಾರೆ. ಬಸ್ಸುಗಳಿವೆ. ಆದರೆ ಈ ಭಾಗದ ಜೀವನಾಡಿಯಾದ ಸಾಮಾನ್ಯ ಬಸ್ಸುಗಳಿಗೆ ಮುಂಗಡ ಬುಕಿಂಗ್ ಇಲ್ಲ, ಹಾಗಾಗಿ ಅವು ಜಾಲತಾಣದಲ್ಲಿ ಕಾಣುವುದಿಲ್ಲ. ಬುಕಿಂಗ್ ಪುಟದಲ್ಲಿ ಬರುವುದು ದೂರದೂರಿನ ವೇಗದೂತ, ಸ್ಲೀಪರ್ ಮಾದರಿಯ ಬಸ್ಸುಗಳು ಮಾತ್ರ.

ಇನ್ನೊಂದು ಕಾರಣ ಆಡಳಿತದ ಗಡಿ. ಹೊಸಪೇಟೆ, ಕೊಪ್ಪಳ, ವಿಜಯಪುರ ಕಲ್ಯಾಣ ಕರ್ನಾಟಕ ಸಾರಿಗೆಯ ವ್ಯಾಪ್ತಿಯಲ್ಲಿವೆ. ಗದಗ, ಬಾದಾಮಿ, ಬಾಗಲಕೋಟೆ, ಇಳಕಲ್ ವಾಯವ್ಯ ಸಾರಿಗೆಗೆ ಸೇರುತ್ತವೆ. ಒಂದು ನಿಗಮದ ವಿಚಾರಣೆ ಕೌಂಟರಿನಲ್ಲಿ ಕುಳಿತವರಿಗೆ ತಮ್ಮ ಡಿಪೋದ ವೇಳಾಪಟ್ಟಿ ಬಾಯಿಪಾಠವಿರುತ್ತದೆ, ಇನ್ನೊಂದರದ್ದು ಇರಲೇಬೇಕೆಂದಿಲ್ಲ. ಹೊಸಪೇಟೆಯಲ್ಲಿ ನಿಂತು ಬಾದಾಮಿಯ ಕಡೇ ಬಸ್ ಕೇಳಿದರೆ ಖಚಿತ ಉತ್ತರ ಸಿಗದಿರುವುದು ಇದರಿಂದಲೇ. ಈ ಸುತ್ತಿನಲ್ಲಿ ಕಷ್ಟವಾಗುವುದು ದೂರವಲ್ಲ, ಕೊಂಡಿ. ಒಂದು ಬಸ್ಸಿನಿಂದ ಇನ್ನೊಂದಕ್ಕೆ, ರೈಲಿನಿಂದ ಊರಿಗೆ, ಗುಡಿಯಿಂದ ನಿಲ್ದಾಣಕ್ಕೆ ಹೋಗುವ ಜಾಗಗಳನ್ನು ಮೊದಲೇ ಕಟ್ಟಿಕೊಂಡರೆ ಉಳಿದದ್ದು ಸಲೀಸು.

ಹಂತ 1: ತಂಗುವ ಊರು ಮೂರೇ ಇರಲಿ

ಹೊಸಪೇಟೆ (ಅಥವಾ ಕಮಲಾಪುರ), ಬಾದಾಮಿ, ವಿಜಯಪುರ. ಇಷ್ಟು ಸಾಕು. ಪಟ್ಟದಕಲ್ಲು, ಐಹೊಳೆಗಳಲ್ಲಿ ವಸತಿ ತೀರಾ ಕಡಿಮೆ, ಕತ್ತಲಾದ ಮೇಲೆ ವಾಹನವೂ ಇಲ್ಲ. ಲಗೇಜನ್ನು ಲಾಡ್ಜಿನಲ್ಲೇ ಬಿಟ್ಟು ಕೈಚೀಲದೊಂದಿಗೆ ಹೋಗಿಬರಬೇಕು. ಕೋಣೆ ಖಾಲಿ ಮಾಡಿದ ದಿನವೂ ಸಂಜೆವರೆಗೆ ಚೀಲ ಇಟ್ಟುಕೊಳ್ಳುತ್ತೀರಾ ಎಂದು ಮೊದಲೇ ಕೇಳಿ. ಬಾದಾಮಿಯಲ್ಲಿ ಬಸ್ ನಿಲ್ದಾಣದ ಆಸುಪಾಸಿನ ಸ್ಟೇಷನ್ ರಸ್ತೆಯಲ್ಲೇ ಕೋಣೆ ಹಿಡಿಯಿರಿ. ಬೆಳಗಿನ ಮೊದಲ ಬಸ್ಸಿಗೆ ನಡೆದು ಹೋಗಬಹುದಾದರೆ ಅರ್ಧ ಕೆಲಸ ಮುಗಿದಂತೆ. ಕಮಲಾಪುರದಲ್ಲೂ ಬಾದಾಮಿಯಲ್ಲೂ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಹೋಟೆಲುಗಳಿವೆ.

ಹಂಪಿಯ ಹಳೆಯ ಬರಹಗಳಲ್ಲಿ ನದಿಯಾಚೆಯ ವಿರೂಪಾಪುರಗಡ್ಡೆಯ ರೆಸಾರ್ಟುಗಳ ಹೆಸರು ಈಗಲೂ ಕಾಣುತ್ತದೆ. ಅವು 2020ರಲ್ಲಿ ತೆರವಾದವು. ಆ ದಡದಲ್ಲಿ ಉಳಿಯುವುದಾದರೆ ಆನೆಗೊಂದಿ ಅಥವಾ ಸಣಾಪುರ ನೋಡಿ. ಆದರೆ ದೋಣಿ ನಿಂತ ದಿನ ಹಂಪಿಗೆ ಬರಲು ರಸ್ತೆಯಲ್ಲಿ ಸುತ್ತಿಕೊಂಡೇ ಬರಬೇಕೆಂಬುದು ಲೆಕ್ಕದಲ್ಲಿರಲಿ.

ಹಂತ 2: ಹೊಸಪೇಟೆ–ಹಂಪಿ

ಹೊಸಪೇಟೆ ಬಸ್ ನಿಲ್ದಾಣದಿಂದ ಹಂಪಿಗೆ ಸುಮಾರು 13 ಕಿ.ಮೀ. ಬೆಳಗಿನಿಂದ ಸಂಜೆವರೆಗೆ ಬಸ್ಸುಗಳು ಓಡುತ್ತಲೇ ಇರುತ್ತವೆ. ಹತ್ತುವ ಮುಂಚೆ ಒಂದು ಪ್ರಶ್ನೆ ಕೇಳಿ: ಕಡ್ಡಿರಾಂಪುರದ ಮೇಲೋ, ಕಮಲಾಪುರದ ಮೇಲೋ? ವಿರೂಪಾಕ್ಷ ಗುಡಿಗೇ ಹೋಗುವವರಿಗೆ ಕಡ್ಡಿರಾಂಪುರದ ದಾರಿ ಹತ್ತಿರ. ವಸ್ತುಸಂಗ್ರಹಾಲಯ, ಕಮಲ ಮಹಲು, ಆನೆಲಾಯ, ಮಹಾನವಮಿ ದಿಬ್ಬದಿಂದ ಶುರುಮಾಡುವವರು ಕಮಲಾಪುರದಲ್ಲಿ ಇಳಿಯಬೇಕು.

ಹಂಪಿಯ ಒಳಗಿನ ಓಡಾಟಕ್ಕೆ ನಾವು ಹೇಳುವುದು ಒಂದೇ ದಿಕ್ಕಿನ ನಡಿಗೆ. ಬೆಳಗ್ಗೆ ಕಮಲಾಪುರದಲ್ಲಿ ಇಳಿದು ರಾಜಾಂಗಣದ ಭಾಗ ಮುಗಿಸಿ. ಅಲ್ಲಿಂದ ಆಟೊದಲ್ಲಿ ವಿಜಯವಿಠ್ಠಲ ದೇವಸ್ಥಾನದ ವಾಹನ ನಿಲುಗಡೆಗೆ ಹೋಗಿ. ಖಾಸಗಿ ವಾಹನಗಳು ಅದರಾಚೆಗೆ ಹೋಗುವಂತಿಲ್ಲ. ಅಲ್ಲಿಂದ ಗುಡಿಯವರೆಗೆ ಸುಮಾರು ಒಂದು ಕಿ.ಮೀ. ಬ್ಯಾಟರಿ ವಾಹನವಿದೆ. ನೋಡಿದ ಮೇಲೆ ಅದೇ ವಾಹನದಲ್ಲಿ ಹಿಂದಿರುಗಬೇಡಿ. ನದಿದಂಡೆಯ ಹಾದಿ ಹಿಡಿದು, ಅಚ್ಯುತರಾಯ ದೇವಸ್ಥಾನದ ಬೀದಿ ನೋಡಿಕೊಂಡು, ಕೋದಂಡರಾಮನ ಗುಡಿ ದಾಟಿ ವಿರೂಪಾಕ್ಷಕ್ಕೆ ಬನ್ನಿ. ಸುಮಾರು ಎರಡು ಕಿ.ಮೀ. ನಡಿಗೆ. ಇದೇ ಮುಂಜಾನೆ ವಿರೂಪಾಕ್ಷಕ್ಕೆ ಹೋಗಿ ಅಲ್ಲಿಂದ ಆಟೊದಲ್ಲಿ ವಿಠ್ಠಲಕ್ಕೆ ಹೋದರೆ ಕಮಲಾಪುರ ಸುತ್ತಿ ಹತ್ತು ಕಿ.ಮೀ. ಹತ್ತಿರ ಬಳಸಬೇಕಾಗುತ್ತದೆ, ಮತ್ತೆ ಹಿಂದಕ್ಕೂ ಅಷ್ಟೇ. ನದಿದಂಡೆಯ ಹಾದಿಯಲ್ಲಿ ಬಂಡೆ, ಮೆಟ್ಟಿಲುಗಳಿರುವುದರಿಂದ ಮೊಣಕಾಲು ನೋವಿನವರು, ಗಾಲಿಕುರ್ಚಿಯವರು ಮಾತ್ರ ಬ್ಯಾಟರಿ ವಾಹನದಲ್ಲೇ ಮರಳಿ, ಆಟೊದವರಿಗೆ ಅಲ್ಲಿಯೇ ಕಾಯಲು ಹೇಳಿರಬೇಕು.

ವಿಠ್ಠಲ ದೇವಸ್ಥಾನದಲ್ಲಿ ಕೊಂಡ ಪುರಾತತ್ವ ಇಲಾಖೆಯ ಟಿಕೆಟ್ ಅದೇ ದಿನ ಕಮಲ ಮಹಲಿನ ಆವರಣಕ್ಕೂ ನಡೆಯುತ್ತದೆ. ಮೊದಲ ಕಡೆ ಕೊಂಡದ್ದನ್ನು ಎಸೆಯಬೇಡಿ. ಶುಕ್ರವಾರ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಗಳಿಗೆ ರಜೆ. ಕಮಲಾಪುರ, ಬಾದಾಮಿ, ಐಹೊಳೆ ಮೂರೂ ಕಡೆ ಇದೇ ನಿಯಮ.

ನದಿ ದಾಟುವ ವಿಚಾರ ಬೇರೆಯೇ. ತಳವಾರಘಟ್ಟದ ಬಳಿ ಆನೆಗೊಂದಿಗೆ ಕಟ್ಟುತ್ತಿದ್ದ ಸೇತುವೆ 2009ರಲ್ಲಿ ಕುಸಿದುಬಿತ್ತು, ಮತ್ತೆ ಮೇಲೇಳಲಿಲ್ಲ. ಈಗ ರಸ್ತೆಯಲ್ಲಿ ಹೋಗುವವರು ಬುಕ್ಕಸಾಗರ–ಕಡೆಬಾಗಿಲು ಸೇತುವೆ ದಾಟುತ್ತಾರೆ. ದೋಣಿ, ಹರಿಗೋಲು ಹಗಲಿನಲ್ಲಿ ಮಾತ್ರ. ಮಳೆಗಾಲದಲ್ಲಿ ತುಂಗಭದ್ರಾ ಜಲಾಶಯದಿಂದ ನೀರು ಬಿಟ್ಟಾಗ ವಾರಗಟ್ಟಲೆ ನಿಲ್ಲುತ್ತವೆ. ಪುರಂದರ ಮಂಟಪ ನೀರಿನಲ್ಲಿ ಮುಳುಗಿದ ಸುದ್ದಿ ಬಂತೆಂದರೆ ದೋಣಿಯ ಆಸೆ ಬಿಟ್ಟುಬಿಡಿ. ಅಂಜನಾದ್ರಿಯ 575 ಮೆಟ್ಟಿಲು ಹತ್ತುವ ಮನಸ್ಸಿದ್ದವರು ಅಂಥ ದಿನಗಳಲ್ಲಿ ಹೊಸಪೇಟೆಯಿಂದ ಗಂಗಾವತಿಗೆ ಹೋಗಿ, ಅಲ್ಲಿಂದ ಆನೆಗೊಂದಿ ಕಡೆಯ ಬಸ್ ಹಿಡಿಯುವುದು ಖಚಿತ ದಾರಿ.

ಹಂತ 3: ಹೊಸಪೇಟೆಯಿಂದ ಬಾದಾಮಿಗೆ

ಇಡೀ ಸುತ್ತಿನಲ್ಲಿ ಜನ ಎಡವುವುದು ಇಲ್ಲೇ. ನೇರ ಬಸ್ಸುಗಳು ಕಡಿಮೆ. ಸಿಕ್ಕರೂ ನಾಲ್ಕರಿಂದ ಐದು ಗಂಟೆ ಹಿಡಿಯುತ್ತದೆ. ಹಿಂದಿನ ಸಂಜೆಯೇ ಹೊಸಪೇಟೆ ನಿಲ್ದಾಣದಲ್ಲಿ ವಿಚಾರಿಸಿ. ಸಮಯ ಹೊಂದದಿದ್ದರೆ ಎರಡು ದಾರಿ ಉಳಿಯುತ್ತವೆ.

ಗದಗದ ದಾರಿ: ಹೊಸಪೇಟೆಯಿಂದ ಕೊಪ್ಪಳದ ಮೇಲೆ ಗದಗಕ್ಕೆ ರೈಲೂ ಇದೆ, ಬಸ್ಸೂ ಇದೆ. ಮೈಸೂರು–ಬೆಂಗಳೂರಿನಿಂದ ರಾತ್ರಿಯೆಲ್ಲ ಓಡಿ ಬರುವ ಹಂಪಿ ಎಕ್ಸ್‌ಪ್ರೆಸ್ ಬೆಳಗ್ಗೆ ಹೊಸಪೇಟೆ ದಾಟಿ ಗದಗದ ಮೇಲೆ ಹುಬ್ಬಳ್ಳಿಗೆ ಹೋಗುತ್ತದೆ. ಗದಗದಲ್ಲಿ ಇಳಿದು ರೋಣದ ಮೇಲೆ ಹೋಗುವ ಬಾದಾಮಿ ಬಸ್ ಹಿಡಿಯಿರಿ. ಸುಮಾರು 70 ಕಿ.ಮೀ., ಎರಡು ಗಂಟೆ. ನೇರ ಬಾದಾಮಿ ಬಸ್ ಇಲ್ಲದಿದ್ದರೆ ರೋಣದ ಬಸ್ ಹತ್ತಿ ಅಲ್ಲಿ ಬದಲಿಸಬಹುದು. ಗದಗ ಜಂಕ್ಷನ್ನಿನಿಂದ ಬಾದಾಮಿಗೆ ರೈಲೂ ಇದೆ. ಆದರೆ ಹೊಸಪೇಟೆ ಕಡೆಯ ರೈಲು ತಡವಾಯಿತೆಂದು ವಿಜಯಪುರ ಕಡೆಯ ರೈಲು ಕಾಯುವುದಿಲ್ಲ. ಎರಡರ ನಡುವೆ ಕನಿಷ್ಠ ಒಂದೂವರೆ ಗಂಟೆ ಅಂತರವಿದ್ದರೆ ಮಾತ್ರ ರೈಲನ್ನು ನಂಬಿ, ಇಲ್ಲವಾದರೆ ಬಸ್ಸೇ ಸರಿ.

ಈ ದಾರಿಯ ಲಾಭ ಲಕ್ಕುಂಡಿ. ಗದಗಕ್ಕೆ ಹತ್ತು–ಹನ್ನೆರಡು ಕಿ.ಮೀ. ಮೊದಲೇ ಹೊಸಪೇಟೆ ರಸ್ತೆಯಲ್ಲಿ ಸಿಗುತ್ತದೆ. ಬಸ್ಸಿನಲ್ಲಿ ಬರುವವರು ಅಲ್ಲೇ ಇಳಿದು, ಕಾಶಿವಿಶ್ವೇಶ್ವರ ಗುಡಿಯನ್ನೂ ಬ್ರಹ್ಮ ಜಿನಾಲಯವನ್ನೂ ನೋಡಿ, ಮುಂದಿನ ಬಸ್ಸಿಗೆ ಗದಗ ಸೇರಬಹುದು. ವೇಗದೂತ ಬಸ್ಸಾದರೆ ಹತ್ತುವಾಗಲೇ ಲಕ್ಕುಂಡಿಯಲ್ಲಿ ನಿಲ್ಲಿಸುತ್ತೀರಾ ಎಂದು ನಿರ್ವಾಹಕರನ್ನು ಕೇಳಿ.

ಇಳಕಲ್ಲಿನ ದಾರಿ: ಹೊಸಪೇಟೆ–ಕುಷ್ಟಗಿ–ಇಳಕಲ್–ಹುನಗುಂದ–ವಿಜಯಪುರ ಹೆದ್ದಾರಿಯಲ್ಲಿ ದೂರದ ಬಸ್ಸುಗಳ ಓಡಾಟ ಚೆನ್ನಾಗಿದೆ. ವಿಜಯಪುರದ ಬಸ್ ಹತ್ತಿ ಇಳಕಲ್ಲಿನಲ್ಲಿ ಇಳಿದು ಬಾದಾಮಿ ಬಸ್ ನೋಡಿ. ಮಧ್ಯಾಹ್ನದೊಳಗೆ ಇಳಕಲ್ ತಲುಪುವಂತಿದ್ದರೆ ಇದು ಒಳ್ಳೆಯ ಆಯ್ಕೆ. ಸಂಜೆ ತಲುಪಿದರೆ ಮುಂದಿನ ಬಸ್ ಕಷ್ಟ.

ಬೆಂಗಳೂರಿನಿಂದ ನೇರ ಬಾದಾಮಿಗೇ ಬಂದು ಸುತ್ತನ್ನು ಅಲ್ಲಿಂದ ಶುರುಮಾಡುವವರಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನ ರಾತ್ರಿ ಪ್ರಯಾಣವಿದೆ. ಅದು ಹುಬ್ಬಳ್ಳಿ, ಗದಗದ ಮೇಲೆ ಬಾದಾಮಿ, ಬಾಗಲಕೋಟೆ, ವಿಜಯಪುರಕ್ಕೆ ಹೋಗುತ್ತದೆ. ಬಾಗಲಕೋಟೆಯ ಹೆಸರಿರುವ ಎಲ್ಲ ರೈಲೂ ಬಾದಾಮಿಗೆ ಬರುವುದಿಲ್ಲ. ಬಸವ ಎಕ್ಸ್‌ಪ್ರೆಸ್ ರಾಯಚೂರು, ಕಲಬುರಗಿ, ಸೊಲ್ಲಾಪುರ ಬಳಸಿ ವಿಜಯಪುರದ ಕಡೆಯಿಂದ ಬಾಗಲಕೋಟೆಗೆ ಬರುವ ಗಾಡಿ. ರೈಲಿನ ಹೆಸರಿಗಿಂತ ನಿಲ್ದಾಣಗಳ ಪಟ್ಟಿ ನೋಡಿ ಟಿಕೆಟ್ ಮಾಡಿಸಿ.

ಬಾದಾಮಿ ರೈಲು ನಿಲ್ದಾಣ ಊರಿಂದ ಸುಮಾರು 5 ಕಿ.ಮೀ. ದೂರದಲ್ಲಿದೆ. ರೈಲು ಬಂದ ಹೊತ್ತಿಗೆ ಹೊರಗೆ ಟಂಟಂ, ಆಟೊ ನಿಂತಿರುತ್ತವೆ. ಜನ ತುಂಬಿದ ಕೂಡಲೇ ಹೊರಡುತ್ತವೆ. ಹತ್ತು ನಿಮಿಷ ತಡೆದು ಹೊರಬಂದರೆ ಇಡೀ ಆಟೊದ ಬಾಡಿಗೆ ಕೊಡಬೇಕಾದೀತು.

ಹಂತ 4: ದೂರದ್ದು ಮೊದಲು, ಹತ್ತಿರದ್ದು ಆಮೇಲೆ

ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿ.ಮೀ., ಅಲ್ಲಿಂದ ಐಹೊಳೆಗೆ ಇನ್ನೂ ಹದಿಮೂರು–ಹದಿನಾಲ್ಕು. ನಕ್ಷೆ ನೋಡಿದವರಿಗೆ ಮೊದಲು ಪಟ್ಟದಕಲ್ಲು, ಆಮೇಲೆ ಐಹೊಳೆ ಅನಿಸುವುದು ಸಹಜ. ಬಸ್ಸಿನವರಿಗೆ ಇದು ತಿರುಗುಮುರುಗಾಗಬೇಕು. ಬಾದಾಮಿಯಿಂದ ದೂರ ಹೋದಷ್ಟೂ ಬಸ್ ವಿರಳವಾಗುತ್ತದೆ. ಮಧ್ಯಾಹ್ನ ಮೂರು ಗಂಟೆಗೆ ಐಹೊಳೆಯಲ್ಲಿ ನಿಂತವರಿಗೆ ಒಂದು ಬಸ್ ತಪ್ಪಿದರೆ ಆ ದಿನದ ಯೋಜನೆಯೆಲ್ಲ ಕೆಡುತ್ತದೆ. ಅದೇ ಹೊತ್ತಿಗೆ ಪಟ್ಟದಕಲ್ಲಿನಲ್ಲಿದ್ದವರಿಗೆ ಬಸ್ಸಿನ ಜೊತೆಗೆ ಟಂಟಂ ಕೂಡ ಸಿಗುತ್ತದೆ.

ಹಾಗಾಗಿ ಬೆಳಗಿನ ಬಸ್ಸಿಗೆ ನೇರ ಐಹೊಳೆಗೆ ಹೋಗಿ. ದುರ್ಗ ದೇವಾಲಯದ ಆವರಣ, ಲಾಡಖಾನ್ ಗುಡಿ, ರಾವಣಫಡಿ, ಮೇಗುತಿ ಗುಡ್ಡಕ್ಕೆ ಎರಡೂವರೆಯಿಂದ ಮೂರು ಗಂಟೆ ಇಟ್ಟುಕೊಳ್ಳಿ. ಮೇಗುತಿಯಲ್ಲಿರುವುದು ರವಿಕೀರ್ತಿಯ 634ರ ಶಾಸನ, ಬಿಸಿಲೇರುವ ಮುಂಚೆ ಮೊದಲು ಅದನ್ನೇ ಹತ್ತಿಬಿಡಿ. ಮಧ್ಯಾಹ್ನದ ಹೊತ್ತಿಗೆ ಪಟ್ಟದಕಲ್ಲಿಗೆ ಬನ್ನಿ. ಅಲ್ಲಿನ ಮುಖ್ಯ ಗುಡಿಗಳಲ್ಲಿ ಹೆಚ್ಚಿನವು ಒಂದೇ ಆವರಣದಲ್ಲಿ, ಸಮತಟ್ಟು ಜಾಗದಲ್ಲಿವೆ. ಮಕ್ಕಳು, ವಯಸ್ಸಾದವರಿಗೂ ದಣಿವಾಗುವುದಿಲ್ಲ. ಬಾದಾಮಿಯ ಗುಹೆಗಳನ್ನು ಅದೇ ಸಂಜೆಗೆ ತುರುಕಬೇಡಿ. ಅವುಗಳ ಬಾಗಿಲು ಸಂಜೆ ಬೇಗ ಮುಚ್ಚುತ್ತದೆ, ಮೆಟ್ಟಿಲೂ ಬಹಳ. ಮರುದಿನ ಬೆಳಗ್ಗೆ ಇಡಿ. ಅಲ್ಲಿ ಮಂಗಗಳ ಕಾಟ ಜೋರು, ಕೈಯಲ್ಲಿ ತಿಂಡಿಯ ಚೀಲ ಬೇಡ.

ಐಹೊಳೆಯ ಬಸ್ ಗುರುತಿಸುವುದೇ ಒಂದು ಕೆಲಸ. ಫಲಕದಲ್ಲಿ ಐಹೊಳೆ ಎಂದು ಇರದೆ ಅಮೀನಗಡ ಎಂದೋ ಹುನಗುಂದ ಎಂದೋ ಇರಬಹುದು, ಏಕೆಂದರೆ ಬರೆಯುವುದು ಕೊನೆಯ ಊರಿನ ಹೆಸರು. ಅಮೀನಗಡಕ್ಕೆ ಗುಳೇದಗುಡ್ಡದ ಮೇಲೆ ಹೋಗುವ ಬಸ್ಸುಗಳೂ ಇವೆ, ಅವು ಐಹೊಳೆಯನ್ನು ಮುಟ್ಟುವುದೇ ಇಲ್ಲ. ಫಲಕ ನೋಡಿ ಹತ್ತಿದವರು ಬೇರೆ ದಿಕ್ಕಿಗೆ ಹೋಗಿಬಿಡುತ್ತಾರೆ. ಚಾಲಕರನ್ನೋ ನಿರ್ವಾಹಕರನ್ನೋ ಹೀಗೆ ಕೇಳಿ: "ಅಣ್ಣಾರ, ಇದು ಐಹೊಳಿ ಮ್ಯಾಲಿಂದ ಹೋಗ್ತೈತ್ರಿ?" ಐಹೊಳೆಯಲ್ಲಿ ಇಳಿದ ಕೂಡಲೇ ಎರಡನೆಯ ಪ್ರಶ್ನೆ: "ಪಟ್ಟದಕಲ್ಲಿಗೆ ಹೋಗಾಕ ಮುಂದಿನ ಬಸ್ ಎಷ್ಟಕ್ಕ ಐತ್ರಿ? ಕಡೀ ಬಸ್ ಯಾವುದ್ರಿ?" ನಿರ್ವಾಹಕರು ಹೇಳಿದ್ದನ್ನು ನಿಲ್ದಾಣದ ಪಕ್ಕದ ಚಹಾದಂಗಡಿಯಲ್ಲಿ ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳಿ. ಎರಡೂ ಉತ್ತರ ಒಂದೇ ಆದರೆ ಮಾತ್ರ ಗುಡಿಗಳ ಕಡೆ ನಡೆಯಿರಿ. "ಈಗ ಬರ್ತೈತ್ರಿ" ಎಂಬುದು ಸಮಯವಲ್ಲ, ಬಸ್ ಇದೆ ಎಂಬ ಭರವಸೆ ಮಾತ್ರ. ಗಂಟೆ, ನಿಮಿಷ ಕೇಳಿ ಪಡೆಯಿರಿ.

ಹಳ್ಳಿಯ ಬಸ್ಸುಗಳ ವೇಳೆ ಪ್ರವಾಸಿಗರಿಗಾಗಿ ಹಾಕಿದ್ದಲ್ಲ. ಶಾಲೆ–ಕಾಲೇಜು, ಸಂತೆ, ಕಚೇರಿಗೆ ಹೊಂದಿಸಿ ಹಾಕಿದ್ದು. ಬೆಳಗ್ಗೆ ಹಳ್ಳಿಗಳಿಂದ ಬಾದಾಮಿಗೆ ಬರುವ ಬಸ್ ವಿದ್ಯಾರ್ಥಿಗಳಿಂದ ತುಂಬಿರುತ್ತದೆ. ಅದೇ ಬಸ್ ಹಿಂತಿರುಗುವಾಗ ಸೀಟು ಸಿಗುತ್ತದೆ. ಸಂಜೆ ಇದು ಉಲ್ಟಾ. ನಮ್ಮ ದಾರಿ ಎರಡೂ ಹೊತ್ತು ಗದ್ದಲಕ್ಕೆ ಎದುರು ದಿಕ್ಕಿನಲ್ಲಿರುವುದರಿಂದ ಅನುಕೂಲವೇ. ಆದರೆ ಭಾನುವಾರ, ಹಬ್ಬ, ಬೇಸಿಗೆ ರಜೆಯಲ್ಲಿ ಕೆಲವು ಟ್ರಿಪ್ ಇರುವುದೇ ಇಲ್ಲ. ಐಹೊಳೆಯ ದಿನವನ್ನು ಆದಷ್ಟೂ ವಾರದ ನಡುವೆ ಇಟ್ಟುಕೊಳ್ಳಿ. ರಾತ್ರಿ ಹಳ್ಳಿಯಲ್ಲಿ ತಂಗಿ ನಸುಕಿನಲ್ಲಿ ಪಟ್ಟಣಕ್ಕೆ ಹೊರಡುವ ವಸ್ತಿ ಬಸ್ಸನ್ನು ಸಂಜೆ ಕಂಡು, ಅದು ಬಾದಾಮಿಗೆ ಮರಳುತ್ತದೆಂದು ಕಾಯುವವರಿದ್ದಾರೆ. ಅದು ಬೆಳಗಿನವರೆಗೆ ಕದಲುವುದಿಲ್ಲ.

ಮಳೆಗಾಲದಲ್ಲಿ ಇನ್ನೊಂದು ಎಚ್ಚರ. ನವಿಲುತೀರ್ಥ ಜಲಾಶಯದಿಂದ ನೀರು ಬಿಟ್ಟರೆ ಮಲಪ್ರಭೆ ಉಕ್ಕುತ್ತದೆ. 2019ರ ಆಗಸ್ಟ್‌ನಲ್ಲಿ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೇ ನೀರು ನುಗ್ಗಿತ್ತು. ಅಂಥ ವಾರದಲ್ಲಿ ಐಹೊಳೆ ಕಡೆಯ ದಾರಿ ಯಾವಾಗ ಬೇಕಾದರೂ ಬಂದ್ ಆಗಬಹುದು.

ಹಂತ 5: ಆಟೊ ಯಾವಾಗ ಲಾಭ

ಒಬ್ಬರು, ಇಬ್ಬರಿದ್ದರೆ ಬಸ್ಸು. ಮೂವರಿದ್ದರೆ, ಜೊತೆಗೆ ಬನಶಂಕರಿ, ಮಹಾಕೂಟ ಎರಡೂ ಬೇಕೆಂದರೆ ಬಾದಾಮಿಯಿಂದ ದಿನದ ಆಟೊ ಮಾಡಿಕೊಳ್ಳಿ. ಬನಶಂಕರಿಗೆ ಊರಿಂದ 5 ಕಿ.ಮೀ., ಬಸ್ಸು–ಟಂಟಂ ಧಾರಾಳ. ತೊಡಕು ಮಹಾಕೂಟದ್ದು. ಪಟ್ಟದಕಲ್ಲಿನ ಬಸ್ಸಿನಲ್ಲಿ ನಂದಿಕೇಶ್ವರದ ಬಳಿ ಇಳಿದು ಒಳಗೆ ನಡೆಯಬೇಕಾಗುತ್ತದೆ, ಬಿಸಿಲಲ್ಲಿ ಅದು ಸುಖದ ನಡಿಗೆಯಲ್ಲ. ಎಲ್ಲ ಸೇರಿಸಿದ ಸುತ್ತು ಸುಮಾರು 80 ಕಿ.ಮೀ., ನೋಡುವ ಸಮಯ ಸೇರಿ ಎಂಟು ಗಂಟೆ.

ಬಾಡಿಗೆ ಮಾತಾಡುವಾಗ ಬರೀ "ಐಹೊಳೆ, ಪಟ್ಟದಕಲ್ಲು" ಎಂದು ಬಿಡಬೇಡಿ. ಜಾಗಗಳ ಹೆಸರನ್ನು ಒಂದೊಂದಾಗಿ ಹೇಳಿ, ಎಷ್ಟು ಗಂಟೆಗೆ ಹೊರಟು ಎಷ್ಟು ಗಂಟೆಗೆ ಮರಳುವುದು, ಕಾಯುವುದಕ್ಕೆ ಬೇರೆ ಹಣವೇ, ಪಾರ್ಕಿಂಗ್ ಯಾರದು, ಕೊನೆಗೆ ಲಾಡ್ಜಿಗೋ ರೈಲು ನಿಲ್ದಾಣಕ್ಕೋ ಎಂಬುದನ್ನು ಹೊರಡುವ ಮುಂಚೆ ಇತ್ಯರ್ಥ ಮಾಡಿ. ಜಗಳವಾಗುವುದು ದರದ ಬಗ್ಗೆ ಅಲ್ಲ, ಮಾತಾಡದೆ ಬಿಟ್ಟ ಈ ಸಂಗತಿಗಳ ಬಗ್ಗೆ. ಚಾಲಕರ ಮಧ್ಯಾಹ್ನದ ಊಟಕ್ಕೂ ಸಮಯ ಬಿಡಿ.

ಹಂತ 6: ವಿಜಯಪುರಕ್ಕೆ

ಬಾದಾಮಿಯಿಂದ ವಿಜಯಪುರಕ್ಕೆ ರೈಲೇ ಉತ್ತಮ. ಬಾಗಲಕೋಟೆ, ಆಲಮಟ್ಟಿಯ ಮೇಲೆ ಹೋಗುತ್ತದೆ, ಕೃಷ್ಣೆ ದಾಟುವ ನೋಟ ಉಚಿತ. ಇಳಿಯುವ ನಿಲ್ದಾಣದಿಂದ ಗೋಲಗುಂಬಜ್ ನಡಿಗೆಯ ದೂರದಲ್ಲಿದೆ. ಇಬ್ರಾಹಿಂ ರೋಜಾ ಊರಿನ ಪಶ್ಚಿಮದ ಅಂಚಿನಲ್ಲಿದೆ, ಅದಕ್ಕೆ ಆಟೊ ಅಥವಾ ಟಾಂಗಾ ಬೇಕು. ಗೋಲಗುಂಬಜ್‌ನ ಪಿಸುಗುಟ್ಟುವ ಗ್ಯಾಲರಿಗೆ ಕಿರಿದಾದ ಮೆಟ್ಟಿಲುಗಳಲ್ಲೇ ಹತ್ತಬೇಕು. ಜನ ಸೇರುವ ಮುಂಚೆ, ಬಾಗಿಲು ತೆಗೆದ ಕೂಡಲೇ ಹೋದರೆ ದನಿಯೂ ಚೆನ್ನಾಗಿ ಕೇಳುತ್ತದೆ.

ರೈಲಿನ ಸಮಯ ಹೊಂದದಿದ್ದರೆ ಬಾದಾಮಿಯಿಂದ ಬಾಗಲಕೋಟೆಗೆ ಬಸ್, ಅಲ್ಲಿಂದ ವಿಜಯಪುರಕ್ಕೆ ಬಸ್. ವಿಜಯಪುರದಿಂದ ಬಾದಾಮಿಗೆ ಬರುವವರು ಇನ್ನೊಂದು ಉಪಾಯ ನೆನಪಿಡಿ: ಹುಬ್ಬಳ್ಳಿಗೆ ಹೋಗುವ ಬಸ್ಸುಗಳು ಹೆಚ್ಚು. ಅವುಗಳಲ್ಲಿ ಕೆರೂರಿನಲ್ಲಿ ಇಳಿದರೆ ಬಾದಾಮಿಗೆ ಬೇರೆ ಬಸ್ ಸಿಗುತ್ತದೆ. ಹುಬ್ಬಳ್ಳಿ ಕಡೆಯಿಂದ ಬರುವವರಿಗೆ ಇಳಿಯುವ ಜಾಗ ಕುಳಗೇರಿ ಕ್ರಾಸ್.

ಬುಕಿಂಗ್ ಮಾಡುವಾಗ ಹೆಸರಿನ ಗೊಂದಲ ನೋಡಿಕೊಳ್ಳಿ. ವಿಜಯನಗರ ಜಿಲ್ಲೆಯೆಂದರೆ ಹೊಸಪೇಟೆ, ವಿಜಯಪುರ ಎಂದರೆ ಹಿಂದಿನ ಬಿಜಾಪುರ. ದೇವನಹಳ್ಳಿ ಹತ್ತಿರವೂ ಒಂದು ವಿಜಯಪುರವಿದೆ.

ಟಿಕೆಟ್, ಚಿಲ್ಲರೆ, ಗುರುತಿನ ಚೀಟಿ

2025ರ ಜನವರಿ 5ರಿಂದ ರಾಜ್ಯದ ಸಾರಿಗೆ ಬಸ್ಸುಗಳ ದರ ಶೇ 15 ಏರಿದೆ. ಅದಕ್ಕೂ ಹಿಂದಿನ ಬರಹಗಳಲ್ಲಿರುವ ದರ ನಂಬಿ ಲೆಕ್ಕ ಹಾಕಬೇಡಿ. 2023ರ ಜೂನ್ 11ರಿಂದ ಜಾರಿಯಲ್ಲಿರುವ, ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಎರಡೂ ನಿಗಮಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ನಡೆಯುತ್ತದೆ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಶೂನ್ಯ ದರದ ಟಿಕೆಟನ್ನು ಕೇಳಿ ಪಡೆಯಲೇಬೇಕು. ಸ್ಲೀಪರ್, ಎಸಿ ಬಸ್ಸುಗಳಿಗೆ ಇದಿಲ್ಲ. ಹಳ್ಳಿ ಬಸ್ಸಿನಲ್ಲಿ ನೆಟ್‌ವರ್ಕ್ ಸಿಗದೆ ಫೋನಿನ ಪಾವತಿ ಕೈಕೊಡುತ್ತದೆ. ಹತ್ತು, ಇಪ್ಪತ್ತರ ನೋಟು ಇಟ್ಟುಕೊಳ್ಳಿ.

ರೈಲಿನಲ್ಲಿ 199 ಕಿ.ಮೀ. ಒಳಗಿನ ಕಾಯ್ದಿರಿಸದ ಟಿಕೆಟ್ ಕೊಂಡ ಮೇಲೆ 3 ಗಂಟೆಯೊಳಗೆ, ಇಲ್ಲವೇ ಆ ಊರಿಗೆ ಹೊರಡುವ ಮೊದಲ ರೈಲಿಗೆ ಹತ್ತಿಬಿಡಬೇಕು. ಬೆಳಗ್ಗೆಯೇ ಕೊಂಡು ಸಂಜೆ ಪ್ರಯಾಣಿಸಹೊರಟರೆ ದಂಡ ಬೀಳುತ್ತದೆ.

ಯಾವ ವಾರ ಬೇಡ

ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗೆ ಹವೆ ಹಿತ. ಆದರೆ ಈ ನಡುವೆ ಬನದ ಹುಣ್ಣಿಮೆ (ಪುಷ್ಯ ಮಾಸದ ಹುಣ್ಣಿಮೆ) ಬರುತ್ತದೆ. ಅಂದು ಬನಶಂಕರಿಯ ರಥ, ಎರಡು ದಿನ ಬಿಟ್ಟು ಕೊಪ್ಪಳದ ಗವಿಸಿದ್ಧೇಶ್ವರನ ರಥ. ಎರಡಕ್ಕೂ ಲಕ್ಷಗಟ್ಟಲೆ ಜನ. ಜಾತ್ರೆಯ ವಿಶೇಷ ಬಸ್ಸುಗಳನ್ನು ಬೇರೆ ಮಾರ್ಗಗಳಿಂದಲೇ ತೆಗೆದು ಓಡಿಸಬೇಕಾಗುತ್ತದೆ. ಬನಶಂಕರಿಗೆ ಬಸ್ ಹೇರಳವಾಗಿರುವ ಅದೇ ದಿನ ಐಹೊಳೆಯ ಟ್ರಿಪ್ ರದ್ದಾಗಿರಬಹುದು. ಬಾದಾಮಿಯಲ್ಲಿ ಕೋಣೆ ಸಿಗುವುದೂ ಕಷ್ಟ, ಹೊಸಪೇಟೆ–ಗದಗ ರಸ್ತೆ ಕೊಪ್ಪಳದ ಬಳಿ ಗಂಟೆಗಟ್ಟಲೆ ಕಟ್ಟಿಕೊಳ್ಳುತ್ತದೆ. ಜಾತ್ರೆಗೇ ಬರುವವರು ಖಂಡಿತ ಬನ್ನಿ, ಆ ನಾಟಕಗಳ ಸಾಲು, ರೊಟ್ಟಿ–ಪುಂಡಿಪಲ್ಯ ಬೇರೆಲ್ಲೂ ಸಿಗದು. ಗುಡಿಗಳ ಸುತ್ತಿಗೆ ಮಾತ್ರ ಆ ವಾರ ಬಿಟ್ಟು, ಪಂಚಾಂಗದಲ್ಲಿ ಪುಷ್ಯ ಹುಣ್ಣಿಮೆ ಯಾವಾಗ ಎಂದು ನೋಡಿಕೊಂಡು ರಜೆ ಹಾಕಿ.